ಕಫ ಹಸಿರಾದರೆ ಆಂಟಿಬಯೋಟಿಕ್ ಬೇಕೇ? ಬಣ್ಣ ನೋಡಿ ಎಷ್ಟು ಹೇಳಬಹುದು?

ಶರಾವತಿ ದಂಡೆ (ಆಶಾ ಕಾರ್ಯಕರ್ತೆ, ಹೊನ್ನಾವರ ತಾಲೂಕು)

ಮಳೆ ಹಿಡಿದ ಮೇಲೆ ಮನೆಭೇಟಿಗೆ ಹೋದಲ್ಲೆಲ್ಲ ಒಬ್ಬರಿಗಾದರೂ ಕೆಮ್ಮು ಇದ್ದೇ ಇರುತ್ತದೆ. "ಕಫ ಹಸಿರಾಗಿ ಬೀಳ್ತದೆ ಅಕ್ಕಾ, ಗುಳಿಗೆ ಕೊಡಿಸಿ" ಅನ್ನುವವರು ಕೆಲವರು. ಔಷಧ ಅಂಗಡಿಯಿಂದ ಮೂರು ದಿನದ ಅಜಿಥ್ರೋಮೈಸಿನ್ ತಂದು ನುಂಗಿ ಆಗಿರುತ್ತದೆ, ಕೆಮ್ಮು ಹಾಗೇ ಇರುತ್ತದೆ. ಇನ್ನು ಕೆಲವರು ಕಫ ಬೆಳ್ಳಗೇ ಇದೆಯಲ್ಲ, ಏನೂ ಆಗುವುದಿಲ್ಲ ಅಂತ ಮೂರು ವಾರದಿಂದ ಕೆಮ್ಮುತ್ತಾ ಕೂತಿರುತ್ತಾರೆ. ನನಗೆ ಹೆಚ್ಚು ಹೆದರಿಕೆ ಈ ಎರಡನೆಯವರದ್ದೇ.

ಸ್ಪಷ್ಟವಾಗಿ ತಿಳಿಯಬೇಕಾದ್ದು ಇಷ್ಟು. ಹಳದಿ, ಹಸಿರು ಅಂದರೆ ಬ್ಯಾಕ್ಟೀರಿಯಾ ಸೋಂಕು ಅಂತಲೇ ಅರ್ಥವೇ? ಯಾವ ಬಣ್ಣ ಕಂಡರೆ ಆ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಬೇಕು? ಕವಳ (ಎಲೆಯಡಿಕೆ) ಹಾಕುವವರ ಕೆಂಪನ್ನೂ ರಕ್ತವನ್ನೂ ಬೇರೆ ಮಾಡಿ ನೋಡುವುದು ಹೇಗೆ? ತೋಟಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವವರು, ಅಡಿಕೆ ಬೇಯಿಸುವವರು ಕಪ್ಪು, ನೀಲಿ ಅಂತೆಲ್ಲ ಹೇಳುತ್ತಾರೆ, ಅದು ಏನು? ಕಳಿಸಿದ ಕಫದ ಮಾದರಿ "ಬರೀ ಎಂಜಲು" ಅಂತ ತಿರುಗಿ ಬರುವುದೂ ಇದೆ, ಅದಕ್ಕೇನು ಮಾಡಬೇಕು ಹೇಳಿ.

ಎದೆಗೂಡು (ಶ್ವಾಸಕೋಶ ತಜ್ಞ, ಶಿರಸಿ)

ಮೊದಲನೆಯದಕ್ಕೆ ನೇರ ಉತ್ತರ: ಅಲ್ಲ. ಹಸಿರು ಬರುವುದು ರೋಗಾಣುವಿನಿಂದಲ್ಲ, ನಮ್ಮದೇ ಬಿಳಿ ರಕ್ತಕಣಗಳಿಂದ. ನ್ಯೂಟ್ರೋಫಿಲ್ ಎಂಬ ಬಿಳಿಕಣದೊಳಗೆ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಅದು ಕಬ್ಬಿಣ ಹೊತ್ತ ಹಸಿರು ಬಣ್ಣದ ವಸ್ತು. ಶ್ವಾಸನಾಳಕ್ಕೆ ಹೆಚ್ಚು ನ್ಯೂಟ್ರೋಫಿಲ್ ಬಂದು ಸತ್ತು ಕರಗಿದಷ್ಟೂ ಕಫ ಹಳದಿಯಿಂದ ಹಸಿರಿಗೆ ತಿರುಗುತ್ತದೆ. ಅವು ವೈರಸ್ ಬಂದರೂ ಬರುತ್ತವೆ, ಬ್ಯಾಕ್ಟೀರಿಯಾ ಬಂದರೂ ಬರುತ್ತವೆ. ಹಾಗಾಗಿ ಬಣ್ಣ ಹೇಳುವುದು "ಒಳಗೆ ಉರಿಯೂತ ಇದೆ" ಅಂತ ಮಾತ್ರ. ಅದನ್ನು ಯಾರು ತಂದರು ಅನ್ನುವುದು ಬಣ್ಣಕ್ಕೆ ಗೊತ್ತಿಲ್ಲ.

ಸಾಮಾನ್ಯ ನೆಗಡಿಯ ದಾರಿ ಹೀಗಿರುತ್ತದೆ: ಮೊದಲ ಎರಡು ದಿನ ನೀರಿನಂಥದ್ದು, ಮೂರು-ನಾಲ್ಕನೇ ದಿನಕ್ಕೆ ದಪ್ಪಗಾಗಿ ಹಳದಿ ಅಥವಾ ಹಸಿರು, ವಾರ ಹತ್ತು ದಿನದಲ್ಲಿ ಮತ್ತೆ ಬಿಳಿ. ಬೆಳಿಗ್ಗೆಯ ಮೊದಲ ಕಫ ಎಲ್ಲಕ್ಕಿಂತ ಗಾಢ, ಯಾಕೆಂದರೆ ರಾತ್ರಿಯಿಡೀ ನಿಂತದ್ದು. ಅದೇ ಮನುಷ್ಯನ ಮಧ್ಯಾಹ್ನದ ಕಫ ತಿಳಿಯಾಗಿರುತ್ತದೆ. ಗಂಟಲು ಇಳಿದು ಎದೆಗೆ ಬಂದ ಇಂಥ ಕೆಮ್ಮು, ಅಂದರೆ ಅಕ್ಯೂಟ್ ಬ್ರಾಂಕೈಟಿಸ್, ಪೂರ್ತಿ ನಿಲ್ಲಲು ಎರಡರಿಂದ ಮೂರು ವಾರ ಬೇಕು. ಗುಳಿಗೆ ನುಂಗಿದರೂ ಅಷ್ಟೇ, ನುಂಗದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಮೂರು ದಿನದ ಅಜಿಥ್ರೋಮೈಸಿನ್ ಸೋತಿತು ಅಂತ ಜನ ಅಂದುಕೊಳ್ಳುತ್ತಾರೆ, ಆದರೆ ಅದಕ್ಕೆ ಮಾಡಲು ಅಲ್ಲಿ ಕೆಲಸವೇ ಇರಲಿಲ್ಲ. ಮುಂದೆ ನಿಜವಾದ ನ್ಯುಮೋನಿಯಾ ಬಂದಾಗ ಅದೇ ಔಷಧ ನಾಟದಿದ್ದರೆ ಬೆಲೆ ತೆರುವುದು ಅದೇ ಮನೆಯವರು.

ಉಬ್ಬಸದವರ ವಿಷಯ ಬೇರೆ. ಅವರ ಕಫ ಹಳದಿಯಾಗುವುದು ಇಯೋಸಿನೋಫಿಲ್ ಎಂಬ ಅಲರ್ಜಿಯ ಕಣಗಳಿಂದಲೂ ಇರಬಹುದು. ಆಷಾಢದಲ್ಲಿ ನಮ್ಮ ಕಡೆ ಗೋಡೆ, ಹಾಸಿಗೆ, ಕಪಾಟು ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಆಗ ಹಳದಿ ಕಫ, ರಾತ್ರಿ ಎರಡು ಮೂರು ಗಂಟೆಗೆ ಎದೆ ಬಿಗಿತ, ಸುಯ್ ಸುಯ್ ಸದ್ದು ಬಂದರೆ ಅವರಿಗೆ ಬೇಕಾದ್ದು ಇನ್ಹೇಲರ್, ಆಂಟಿಬಯೋಟಿಕ್ ಅಲ್ಲ. ಉಬ್ಬಸದವರು ರಬ್ಬರಿನಂಥ ಕಂದು ತುಂಡುಗಳನ್ನು ಕೆಮ್ಮಿ ಹಾಕಿದರೆ ಅದನ್ನು ಬಿಸಾಡದೆ ತೋರಿಸಲು ಹೇಳಿ. ಆಸ್ಪರ್ಜಿಲಸ್ ಎಂಬ ಬೂಷ್ಟಿಗೆ ಶ್ವಾಸನಾಳವೇ ಅಲರ್ಜಿ ತೋರುವ ಕಾಯಿಲೆ ಇದೆ, ಅದರ ಚಿಕಿತ್ಸೆಯೇ ಬೇರೆ.

ಹಾಗಾದರೆ ಬಣ್ಣಕ್ಕೆ ಬೆಲೆ ಎಲ್ಲಿ? ಬೀಡಿ ಸೇದಿಯೋ ಒಲೆ ಹೊಗೆ ಕುಡಿದೋ ವರ್ಷಗಟ್ಟಲೆ ದಮ್ಮು ಇರುವವರಲ್ಲಿ, ಅಂದರೆ ಸಿಒಪಿಡಿ ಇರುವವರಲ್ಲಿ. 1987ರಲ್ಲಿ ಕೆನಡಾದ ವೈದ್ಯರು ಮೂರು ಗುರುತು ಹಾಕಿಕೊಟ್ಟರು, ಇಂದಿಗೂ ಅವನ್ನೇ ನೋಡುತ್ತೇವೆ: ಏದುಸಿರು ಹೆಚ್ಚಾಗಿದೆಯೇ, ಕಫದ ಪ್ರಮಾಣ ಹೆಚ್ಚಾಗಿದೆಯೇ, ಕಫ ಕೀವಿನಂತಾಗಿದೆಯೇ. ಮೂರನೆಯದರ ಜೊತೆ ಉಳಿದೆರಡರಲ್ಲಿ ಒಂದಾದರೂ ಇದ್ದರೆ ಆಂಟಿಬಯೋಟಿಕ್ ಉಪಯೋಗಕ್ಕೆ ಬರುತ್ತದೆ. ಇವರಲ್ಲಿ ಮುಖ್ಯವಾದ್ದು ಬಣ್ಣಕ್ಕಿಂತ ಬದಲಾವಣೆ. ವರ್ಷವಿಡೀ ತಿಳಿಹಳದಿ ಇರುವವರಿಗೆ ಇವತ್ತೂ ತಿಳಿಹಳದಿ ಇದ್ದರೆ ಅದು ಸುದ್ದಿಯಲ್ಲ. ಯಾವಾಗಲೂ ಬಿಳಿ ಇದ್ದವರಿಗೆ ಎರಡು ದಿನದಲ್ಲಿ ಕಡುಹಸಿರಾಗಿ, ಬಚ್ಚಲಿಗೆ ನಡೆದರೂ ಏದುಸಿರು ಬಂದರೆ ಕಳಿಸಿ.

ಈಗ ತಡಮಾಡಬಾರದ ಬಣ್ಣಗಳು.

ಗುಲಾಬಿ ನೊರೆ. ಸೋಪಿನ ನೊರೆಯಂತೆ ಹಗುರ, ತೆಳು ಗುಲಾಬಿ. ಮಲಗಲಾಗದು, ಕೂತರೆ ಸ್ವಲ್ಪ ಉಸಿರು. ಸಾಮಾನ್ಯವಾಗಿ ಇದು ಹೃದಯ ಸೋತು ಶ್ವಾಸಕೋಶದೊಳಗೆ ನೀರು ತುಂಬಿದ ಲಕ್ಷಣ. ಮಲಗಿಸಬೇಡಿ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ಕೂಡಲೇ 108.

ತುಕ್ಕಿನ ಬಣ್ಣ. ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ ಬರುತ್ತದೆ. ಜೊತೆಗೆ ನಡುಕದ ಜ್ವರ, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚಿದಂಥ ನೋವು. ಆದರೆ ತುಕ್ಕು ಕಾಣಲಿಲ್ಲ ಅಂತ ನ್ಯುಮೋನಿಯಾ ಇಲ್ಲ ಅನ್ನಬೇಡಿ. ವಯಸ್ಸಾದವರಿಗೆ ಕಫವೂ ಇಲ್ಲದೆ, ಜ್ವರವೂ ಇಲ್ಲದೆ, ಬರೀ ಊಟ ಬಿಟ್ಟು ತಲೆ ಕೆಟ್ಟವರಂತೆ ಮಾತಾಡುವುದೇ ಮೊದಲ ಲಕ್ಷಣ ಇರಬಹುದು. ಅದಕ್ಕೆ ಬಣ್ಣ ನೋಡುವ ಮುಂಚೆ ಉಸಿರು ಎಣಿಸಿ, ಪೂರ್ತಿ ಒಂದು ನಿಮಿಷ. ದೊಡ್ಡವರಲ್ಲಿ 30 ಅಥವಾ ಹೆಚ್ಚು ಇದ್ದರೆ ಆಸ್ಪತ್ರೆಗೆ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಇದ್ದರೆ 94ಕ್ಕಿಂತ ಕೆಳಗೆ ಅದೇ ದಿನ ವೈದ್ಯರು, 90ಕ್ಕಿಂತ ಕೆಳಗೆ ತುರ್ತು. ಹಳೆಯ ಸಿಒಪಿಡಿಯವರಿಗೆ 88ರಿಂದ 92 ಸಾಮಾನ್ಯವಿರಬಹುದು, ಅವರ ಎಂದಿನ ಅಂಕಿ ಮೊದಲೇ ಬರೆದಿಟ್ಟುಕೊಳ್ಳಿ. ಮಳೆಯಲ್ಲಿ ನೆನೆದು ತಣ್ಣಗಾದ ಬೆರಳು ಸುಳ್ಳು ಅಂಕಿ ತೋರಿಸುತ್ತದೆ, ಕೈ ಉಜ್ಜಿ ಬಿಸಿ ಮಾಡಿ ಹಾಕಿ.

ರಕ್ತ. ಜೋರಾಗಿ ಕೆಮ್ಮಿ ಒಂದು ಎಳೆ ಬಂದದ್ದು ಬ್ರಾಂಕೈಟಿಸ್‌ನಲ್ಲೂ ಉಂಟು. ಆದರೂ ಎದೆ ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಇಲ್ಲದೆ ಬಿಡುವ ಹಾಗಿಲ್ಲ. ಕ್ಷಯ, ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳ ಹಿಗ್ಗಿ ಕಫ ನಿಲ್ಲುವ ಕಾಯಿಲೆ), 40 ದಾಟಿದ ಬೀಡಿ ಸೇದುವವರಲ್ಲಿ ಕ್ಯಾನ್ಸರ್, ಇವೆಲ್ಲ ಅದೇ ಎಳೆಯಿಂದ ಶುರುವಾಗಬಹುದು. ಒಂದೆರಡು ಚಮಚದಷ್ಟು ಶುದ್ಧ ರಕ್ತ ಬಂದರೆ ಕಾಯಬೇಡಿ. ಯಾವ ಬದಿಯ ಶ್ವಾಸಕೋಶಕ್ಕೆ ಕಾಯಿಲೆ ಅಂತ ಮೊದಲೇ ಗೊತ್ತಿದ್ದರೆ ಆ ಬದಿ ಕೆಳಗೆ ಬರುವಂತೆ ಮಲಗಿಸಿ, ಒಳ್ಳೆಯ ಬದಿಗೆ ರಕ್ತ ಹರಿಯುವುದಿಲ್ಲ.

ಮಳೆಗಾಲದ ಮಾತು ಒಂದು, ದಯವಿಟ್ಟು ಗಮನಿಸಿ. ಗದ್ದೆ, ತೋಟದ ಕೆಸರಲ್ಲಿ ಕೆಲಸ ಮಾಡುವವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು, ಅದರ ಮೇಲೆ ಕಫದಲ್ಲಿ ರಕ್ತ ಕಂಡರೆ ಇಲಿಜ್ವರ ಶ್ವಾಸಕೋಶಕ್ಕೆ ಇಳಿದಿರಬಹುದು. ಗಂಟೆಗಳಲ್ಲಿ ಕೆಡುತ್ತದೆ. ನಾಳೆ ನೋಡೋಣ ಅನ್ನುವ ಕಾಯಿಲೆ ಅಲ್ಲ ಇದು. ಸಕ್ಕರೆ ಕಾಯಿಲೆ ಇರುವವರಿಗೆ ಕೆಸರಿನಿಂದಲೇ ಬರುವ ಇನ್ನೊಂದಿದೆ, ಮೆಲಿಯಾಯ್ಡೋಸಿಸ್. ಕರಾವಳಿ ಕರ್ನಾಟಕದಲ್ಲಿ ಇದೆ. ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣುತ್ತದೆ, ಕ್ಷಯದ ಔಷಧಿಗೆ ಬಗ್ಗುವುದಿಲ್ಲ. ಕಫ ಮತ್ತು ರಕ್ತದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ಮಾತ್ರ ಸಿಗುತ್ತದೆ. "ಕೆಸರಲ್ಲಿ ಕೆಲಸ, ಸಕ್ಕರೆ ಇದೆ" ಎಂಬ ಎರಡು ಮಾತು ಚೀಟಿಯಲ್ಲಿ ಬರೆದು ಕಳಿಸಿದರೆ ನೋಡುವ ವೈದ್ಯರಿಗೆ ದೊಡ್ಡ ಉಪಕಾರ.

ಬಣ್ಣದಷ್ಟೇ ವಾಸನೆಯನ್ನೂ ಕೇಳಿ. ಕೊಳೆತ ನಾತ ಬಂದರೆ ಶ್ವಾಸಕೋಶದಲ್ಲಿ ಕೀವುಗುಳ್ಳೆ ಆಗಿರಬಹುದು. ಹಲ್ಲು ಹುಳುಕಾದವರು, ಕುಡಿದು ಮೈಮರೆತು ವಾಂತಿ ಎಳೆದುಕೊಂಡವರು, ಮೂರ್ಛೆರೋಗದವರಲ್ಲಿ ಹೆಚ್ಚು. ದಿನಾ ಅರ್ಧ ಲೋಟ ಹಸಿರು ಕಫ ತಿಂಗಳುಗಟ್ಟಲೆ ಬಿದ್ದರೆ ಬ್ರಾಂಕಿಯೆಕ್ಟಾಸಿಸ್ ಹುಡುಕಬೇಕು.

ಸ್ಲೈಡು (ಪ್ರಯೋಗಾಲಯ ತಂತ್ರಜ್ಞೆ, ಕಾರವಾರ)

ಡಾಕ್ಟರು ಹೇಳಿದ್ದಕ್ಕೆ ಮೊದಲು ಒಂದು ಹೆಜ್ಜೆ ಇದೆ ಅಕ್ಕಾ: ಬಣ್ಣವನ್ನು ಸರಿಯಾಗಿ ನೋಡುವುದು. ಚಿರೇಕಲ್ಲಿನ ಮೆಟ್ಟಿಲ ಮೇಲೆ, ಅಂಗಳದ ಕೆಮ್ಮಣ್ಣಿನ ಮೇಲೆ ಉಗಿದದ್ದು ಎಲ್ಲವೂ ಕಂದಾಗಿಯೇ ಕಾಣುತ್ತದೆ. ಬಿಳಿ ಕಾಗದದ ಮೇಲೋ ಪಾರದರ್ಶಕ ಡಬ್ಬಿಯಲ್ಲೋ ಹಾಕಿಸಿ, ಹಗಲು ಬೆಳಕಿನಲ್ಲಿ, ಬಿದ್ದ ಕೂಡಲೇ ನೋಡಿ. ರಾತ್ರಿಯಿಡೀ ಡಬ್ಬಿಯಲ್ಲಿಟ್ಟ ಕಫದ ಬಣ್ಣ ನಂಬಬೇಡಿ. ಮೂಗಿನ ಸಿಂಬಳ ಹಿಂದಿನಿಂದ ಗಂಟಲಿಗೆ ಇಳಿದು ಕ್ಯಾಕರಿಸಿ ಬಂದದ್ದನ್ನೂ ಜನ ಕಫ ಅಂತಲೇ ಹೇಳುತ್ತಾರೆ. ಎದೆಯಿಂದ ಕೆಮ್ಮಿ ಬಂದದ್ದೋ, ಗಂಟಲಿಂದ ಕ್ಯಾಕರಿಸಿ ಬಂದದ್ದೋ ಅಂತ ಕೇಳಿಯೇ ಮುಂದೆ ಹೋಗಿ.

ಕವಳ. ಅಡಿಕೆಗೆ ಸುಣ್ಣ ಸೇರಿದಾಗ ಬರುವ ಕೆಂಪು ಎಂಜಲಿನಲ್ಲೆಲ್ಲ ಸಮನಾಗಿ ಹರಡಿರುತ್ತದೆ, ಇಟ್ಟಿಗೆ ಬಣ್ಣ, ನೀರುನೀರು, ಎಲೆಯ ನಾರು ಅಡಿಕೆಯ ಚೂರು ಕಾಣುತ್ತದೆ. ರಕ್ತ ಹಾಗಲ್ಲ. ದಪ್ಪ ಕಫದೊಳಗೆ ದಾರದಂತೆಯೋ ಚುಕ್ಕೆಯಾಗಿಯೋ ಗಡ್ಡೆಯಾಗಿಯೋ ಸಿಕ್ಕಿಕೊಂಡಿರುತ್ತದೆ, ಹೊತ್ತು ಹೋದಂತೆ ಕಂದಾಗುತ್ತದೆ. ಅನುಮಾನ ಇದ್ದರೆ ರಾತ್ರಿ ಊಟದ ನಂತರ ಕವಳ ಬೇಡ ಅನ್ನಿ, ಬೆಳಿಗ್ಗೆ ಮೂರು ಸಲ ಬಾಯಿ ಮುಕ್ಕಳಿಸಿ ಕೆಮ್ಮಿದ ಮೊದಲ ಕಫ ನೋಡಿ. ಆಗಲೂ ಕೆಂಪಿದ್ದರೆ ಅದು ಕವಳದ್ದಲ್ಲ. ಕವಳ ಹಾಕುವವರ ಒಸಡಿನಿಂದಲೂ ರಕ್ತ ಬರುತ್ತದೆ. ಕೆಮ್ಮದೆ, ಹಲ್ಲುಜ್ಜಿದಾಗ ಮಾತ್ರ ಬಂದರೆ ಒಸಡು ನೋಡಿ. ಮುರುಗಲ ಪಾನಕ, ಅರಿಶಿನ ಹಾಲು, ಕಷಾಯ ಕುಡಿದ ಅರ್ಧ ಗಂಟೆಯೊಳಗಿನ ಬಣ್ಣಕ್ಕೂ ಬೆಲೆ ಕೊಡಬೇಡಿ. ಕ್ಷಯದ ಗುಳಿಗೆ ಶುರುವಾದವರು ಕಫ, ಮೂತ್ರ, ಕಣ್ಣೀರು ಕಿತ್ತಳೆ ಆಯಿತು ಅಂತ ಹೆದರಿ ಗುಳಿಗೆ ಬಿಡುತ್ತಾರೆ. ಅದು ರಿಫಾಂಪಿಸಿನ್ ಔಷಧದ ಬಣ್ಣ, ಅಪಾಯ ಇಲ್ಲ. ಮೊದಲ ದಿನವೇ ಹೇಳಿಬಿಟ್ಟರೆ ಔಷಧ ನಡುವೆ ನಿಲ್ಲುವುದಿಲ್ಲ.

ಮಾದರಿ ತಿರುಗಿ ಬರುವ ವಿಷಯ. ಸಾಮಾನ್ಯ ಕಲ್ಚರ್‌ಗೆ ಬಂದ ಕಫವನ್ನು ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯಲ್ಲಿ ನೋಡುತ್ತೇವೆ. ಒಂದು ಕ್ಷೇತ್ರದಲ್ಲಿ 25ಕ್ಕಿಂತ ಹೆಚ್ಚು ಬಿಳಿಕಣ, 10ಕ್ಕಿಂತ ಕಡಿಮೆ ಬಾಯಿಯ ಚರ್ಮಕೋಶ ಇದ್ದರೆ ಅದು ಎದೆಯ ಕಫ. ಬಾಯಿಕೋಶವೇ ತುಂಬಿದ್ದರೆ ಎಂಜಲು. ಅದನ್ನು ಕಲ್ಚರ್‌ಗೆ ಹಾಕಿದರೆ ಬಾಯಿಯ ಬ್ಯಾಕ್ಟೀರಿಯಾ ಬೆಳೆದು ವೈದ್ಯರನ್ನು ದಾರಿ ತಪ್ಪಿಸುತ್ತದೆ.

ತೆಗೆಸುವ ಕ್ರಮ: ಎದ್ದ ಕೂಡಲೇ, ಏನೂ ತಿನ್ನುವ ಮುಂಚೆ, ಕುದಿಸಿ ಆರಿಸಿದ ನೀರಿನಿಂದ ಬಾಯಿ ಮುಕ್ಕಳಿಸಲಿ. ಬಾವಿ ನೀರು ನೇರವಾಗಿ ಬೇಡ, ನೀರಿನಲ್ಲೂ ಕ್ಷಯದ ಜಾತಿಯ ಬೇರೆ ಬ್ಯಾಕ್ಟೀರಿಯಾ ಇರುತ್ತವೆ. ಮನೆಯೊಳಗಲ್ಲ, ಅಂಗಳಕ್ಕೋ ಜಗುಲಿಯ ತುದಿಗೋ ಬಂದು, ಹತ್ತಿರ ಮಕ್ಕಳಿಲ್ಲದ ಹಾಗೆ ನಿಲ್ಲಲಿ. ನಿಧಾನ ಮೂರು ಸಲ ಆಳವಾಗಿ ಉಸಿರೆಳೆದು ಬಿಡಲಿ. ನಾಲ್ಕನೆಯದನ್ನು ಎಳೆದು ಒಂದೆರಡು ಸೆಕೆಂಡು ಹಿಡಿದು, ಹೊಟ್ಟೆಯಿಂದ ಕೆಮ್ಮಿ ನೇರ ಡಬ್ಬಿಗೆ. ಬೇಕಾದ್ದು 2ರಿಂದ 5 ಮಿಲಿಲೀಟರ್, ಒಂದು ಚಹಾ ಚಮಚದ ಅರ್ಧದಿಂದ ಪೂರ್ತಿ. ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಹೆಸರು ಡಬ್ಬಿಯ ಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲುಬದಲಾಗುತ್ತದೆ.

ಕೊನೆಗೊನೆ (ತೋಟಗಾರಿಕೆ ಮತ್ತು ಕೆಲಸಗಾರರ ಸುರಕ್ಷತೆ, ಸಿದ್ದಾಪುರ)

ಬೋರ್ಡೋ ಪ್ರಶ್ನೆಗೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಕೊನೆಗೌಡ (ಅಡಿಕೆ ಮರ ಹತ್ತುವ ಕೆಲಸಗಾರ) ಮರದ ಮೇಲಿದ್ದು ಗೊನೆಗೆ ಹೊಡೆದರೂ, ದೋಟಿಯಿಂದ ಕೆಳಗೆ ನಿಂತು ಹೊಡೆದರೂ ಸಣ್ಣ ಹನಿ ಉಸಿರಿಗೆ ಬರುತ್ತದೆ. ಕೆಳಗೆ ನಿಂತವರಿಗೆ ಇನ್ನೂ ಹೆಚ್ಚು, ಮುಖ ಮೇಲೆತ್ತಿಯೇ ಇರುತ್ತಾರಲ್ಲ. ಹೊಡೆದ ಸಂಜೆ ಸಿಂಬಳ ತಿಳಿನೀಲಿ ಬಂದರೆ ಅದು ಮೂಗಲ್ಲಿ ಕೂತ ದ್ರಾವಣ, ತೊಳೆದರೆ ಹೋಗುತ್ತದೆ. ಆದರೆ ವರ್ಷ ವರ್ಷ ಉಸಿರಿಗೆ ಹೋದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಪೋರ್ಚುಗಲ್‌ನಲ್ಲಿ ದ್ರಾಕ್ಷಿತೋಟಕ್ಕೆ ಇದೇ ಬೋರ್ಡೋ ಹೊಡೆಯುವವರ ಶ್ವಾಸಕೋಶದಲ್ಲಿ ತಾಮ್ರ ಕೂತು ಹಸಿರುನೀಲಿ ಕಲೆ, ಗಾಯ ಆಗುವುದನ್ನು 1969ರಲ್ಲೇ ವೈದ್ಯರು ದಾಖಲಿಸಿದ್ದಾರೆ. ಮುಖಕ್ಕೆ ಸುತ್ತಿದ ಟವೆಲು ಹನಿ ತಡೆಯುವುದಿಲ್ಲ, ಒದ್ದೆಯಾದ ಮೇಲೆ ದ್ರಾವಣವನ್ನೇ ಮೂಗಿಗೆ ಒತ್ತಿ ಹಿಡಿಯುತ್ತದೆ. ಎನ್95 ಮುಖಕ್ಕೆ ಅಂಟಿ ಕೂರಬೇಕು, ಒದ್ದೆಯಾದ ಕೂಡಲೇ ಬದಲಿಸಬೇಕು, ಒಂದು ಹೊತ್ತಿನ ಕೆಲಸಕ್ಕೆ ಎರಡು ಮೂರು ಬೇಕಾಗಬಹುದು. ಕೆಲಸ ಕೊಡುವ ತೋಟದವರೇ ಇದನ್ನು ಕೊಡಬೇಕು, ಕೊನೆಗೌಡನ ತಲೆಗೆ ಕಟ್ಟುವ ಖರ್ಚಲ್ಲ.

ಕಪ್ಪು ಎಳೆ: ಅಡಿಕೆ ಬೇಯಿಸುವ ಒಲೆ, ಬಚ್ಚಲೊಲೆ, ಅಡುಗೆ ಒಲೆಯ ಮಸಿ. ಹೊಗೆಯಿಂದ ದೂರ ಇದ್ದ ಕೆಲವು ದಿನಗಳಲ್ಲಿ ತಿಳಿಯಾಗಬೇಕು. ಆಗದಿದ್ದರೆ, ಅಥವಾ ಗುಡ್ಡ ಹತ್ತುವಾಗ ಹಿಂದಿಲ್ಲದ ಏದುಸಿರು ಇದ್ದರೆ, ಊದುವ ಪರೀಕ್ಷೆ ಅಂದರೆ ಸ್ಪೈರೋಮೆಟ್ರಿ ಮಾಡಿಸಬೇಕು.

ಇನ್ನೊಂದು, ಬಣ್ಣವೇ ಇಲ್ಲದ್ದು. ಬೂಷ್ಟು ಹಿಡಿದ ಹುಲ್ಲು, ದರಕು (ಒಣ ಎಲೆ) ಕೆದರಿದ ನಾಲ್ಕರಿಂದ ಎಂಟು ಗಂಟೆಯ ನಂತರ ಜ್ವರ, ಮೈನೋವು, ಒಣಕೆಮ್ಮು, ಏದುಸಿರು ಬಂದು ಮರುದಿನಕ್ಕೆ ಇಳಿಯುತ್ತದೆ. ಮತ್ತೆ ಕೊಟ್ಟಿಗೆ ಕೆಲಸ, ಮತ್ತೆ ಅದೇ. ಎಲ್ಲರೂ ಫ್ಲೂ ಅನ್ನುತ್ತಾರೆ, ಆದರೆ ಬೂಷ್ಟಿನ ಧೂಳಿಗೆ ಶ್ವಾಸಕೋಶ ತೋರುವ ಅಲರ್ಜಿ ಇರಬಹುದು. ಯಾವ ಕೆಲಸದ ಸಂಜೆ ಜ್ವರ ಬಂತು ಅಂತ ದಿನ ಬರೆದಿಟ್ಟರೆ ಗುಟ್ಟು ಸಿಗುತ್ತದೆ.

ಶರಾವತಿ ದಂಡೆ

ತುಂಬಾ ಉಪಕಾರ. ಎರಡು ಉಳಿದವು. ಸಣ್ಣ ಮಕ್ಕಳು ಕಫ ಉಗಿಯುವುದೇ ಇಲ್ಲ, ಅವರಲ್ಲಿ ಏನು ನೋಡಲಿ? ಮತ್ತೆ ಬಿಳಿ ಕಫದಲ್ಲೇ ಮೂರು ವಾರ ಕೂತವರು, ಅವರಿಗೆ ಏನು ಹೇಳಲಿ?

ಎದೆಗೂಡು

ಎರಡನೆಯದು ಮೊದಲು. ಕ್ಷಯಕ್ಕೆ ತನ್ನದೇ ಬಣ್ಣ ಇಲ್ಲ. ಬಿಳಿ, ಹಳದಿ, ರಕ್ತ, ಒಮ್ಮೊಮ್ಮೆ ಕಫವೇ ಇಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಇವುಗಳಲ್ಲಿ ಒಂದಿದ್ದರೂ ಬಣ್ಣ ಕೇಳದೆ ಎರಡು ಮಾದರಿ ಕಳಿಸಿ: ಒಂದು ಭೇಟಿಯ ಹೊತ್ತಿನದು, ಒಂದು ಮರುಬೆಳಗಿನದು. ಸಿಬಿನಾಟ್ ಅಥವಾ ಟ್ರೂನಾಟ್ ಎಂಬ ಯಂತ್ರದ ಕಫ ಪರೀಕ್ಷೆಯಲ್ಲಿ ರೋಗಾಣುವೂ, ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಸಾಮಾನ್ಯ ಕ್ಷಯಕ್ಕೆ 6 ತಿಂಗಳು. ಕ್ಷಯದವರ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ, ಬ್ಯಾಂಕ್ ಖಾತೆಯ ವಿವರ ಮೊದಲ ವಾರವೇ ಕೊಡಿಸಿ. ಕೂಲಿ ಬಿಟ್ಟು ಬರಲು ಹಿಂಜರಿಯುವವರಿಗೆ ಆ ಮಾತು ಬಲ ಕೊಡುತ್ತದೆ. ಪರೀಕ್ಷೆಗೆ ಮುಂಚೆ ಲಿವೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಗುಳಿಗೆ ಅಂಗಡಿಯಿಂದ ತಂದು ನುಂಗಿದ್ದಾರೋ ಕೇಳಿ. ಅದು ಕ್ಷಯವನ್ನು ಸ್ವಲ್ಪ ದಿನ ಅಡಗಿಸಿ, ಪತ್ತೆ ತಡ ಮಾಡುತ್ತದೆ.

ತೊಟ್ಟಿಲು (ಮಕ್ಕಳ ವಿಭಾಗದ ಶುಶ್ರೂಷಕಿ, ಕುಮಟಾ)

ಮಕ್ಕಳು ಕಫ ನುಂಗುತ್ತಾರೆ, ಕೆಮ್ಮಿ ವಾಂತಿ ಮಾಡಿದಾಗ ಕಾಣುತ್ತದೆ. ಅದರ ಬಣ್ಣ ಬಿಡಿ, ಅಂಗಿ ಎತ್ತಿ ಎದೆ ನೋಡಿ. ಮಗು ಅಳದೆ ಇದ್ದಾಗ ಒಂದು ನಿಮಿಷ ಎಣಿಸಿ: 2 ತಿಂಗಳೊಳಗೆ 60, 2ರಿಂದ 11 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40. ಅಷ್ಟು ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ ಅಂತಲೇ ತಿಳಿದು ಆಸ್ಪತ್ರೆಗೆ ಕಳಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರಬೇಡಿ. ಮಗುವಿಗೆ ಆವಿ ಹಿಡಿಸುವುದು ಬೇಡವೇ ಬೇಡ, ಪಾತ್ರೆ ಮಗುಚಿ ಸುಟ್ಟ ಗಾಯ ವಾಸಿಯಾಗಲು ಕೆಮ್ಮಿಗಿಂತ ಹೆಚ್ಚು ದಿನ ಬೇಕು. ಕರ್ಪೂರ ಕಟ್ಟುವುದು, ಹಚ್ಚುವುದೂ ಬೇಡ, ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ವರ್ಷದೊಳಗಿನ ಮಗುವಿಗೆ ಜೇನು ಇಲ್ಲ. ವರ್ಷ ದಾಟಿದವರಿಗೆ ಮಲಗುವ ಮುಂಚೆ ಅರ್ಧ ಚಮಚ ಕೊಡಬಹುದು.

ಹಫ್ (ಫಿಸಿಯೋಥೆರಪಿಸ್ಟ್, ಅಂಕೋಲಾ)

ದೊಡ್ಡವರಿಗೆ ಕಫ ಕಟ್ಟಿ ಬರುತ್ತಿಲ್ಲ ಅಂದರೆ ಸಿರಪ್‌ಗಿಂತ ಇದು ಕಲಿಸಿ. ಬೆನ್ನು ನೆಟ್ಟಗೆ ಕೂರಲಿ. ಮೂಗಿನಿಂದ ನಿಧಾನ ಮೂರು ನಾಲ್ಕು ಆಳವಾದ ಉಸಿರು, ಪ್ರತಿ ಸಲ ಮೂರು ಸೆಕೆಂಡು ಹಿಡಿಯಬೇಕು. ಆಮೇಲೆ ಬಾಯಿ ಅಗಲ ತೆರೆದು, ಕನ್ನಡಕ ಒರೆಸಲು ಹಬೆ ಊದುತ್ತೇವಲ್ಲ ಹಾಗೆ "ಹಾಹ್" ಅಂತ ಎರಡು ಸಲ ಬಿಡಲಿ. ಕಫ ಮೇಲೆ ಬಂದ ಗೊರಗೊರ ಕೇಳಿದ ಮೇಲೆ ಮಾತ್ರ ಒಂದು ಕೆಮ್ಮು. ಜನ ಮಾಡುವ ತಪ್ಪು, ಮೊದಲಿಂದಲೇ ಕೆಮ್ಮಿ ಕೆಮ್ಮಿ ಸುಸ್ತಾಗುವುದು. ಅದರಿಂದ ಶ್ವಾಸನಾಳ ಮುಚ್ಚಿಕೊಂಡು ಕಫ ಅಲ್ಲೇ ಉಳಿಯುತ್ತದೆ. ಹತ್ತು ನಿಮಿಷ, ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ. ಉಬ್ಬಸದವರು ಇನ್ಹೇಲರ್ ತೆಗೆದುಕೊಂಡು ಹದಿನೈದು ನಿಮಿಷ ಬಿಟ್ಟು ಮಾಡಲಿ. ಕಫದಲ್ಲಿ ರಕ್ತ ಇದ್ದವರಿಗೆ ಇದನ್ನು ಕಲಿಸಬೇಡಿ, ಮೊದಲು ವೈದ್ಯರು ನೋಡಲಿ.

ಸ್ಲೈಡು

ಮರುಬೆಳಗಿನ ಮಾದರಿ ಬಗ್ಗೆ ಒಂದು ಬಿಟ್ಟಿತ್ತು. ಮಳೆಗೆ ಬಸ್ ತಡವಾಗಿ ಅದೇ ದಿನ ತಲುಪಿಸಲು ಆಗದಿದ್ದರೆ ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಉಪಕೇಂದ್ರದ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಿ. ಲಸಿಕೆ ಇಡುವ ಫ್ರಿಜ್ಜು ಬೇಡ, ಫ್ರೀಜರೂ ಬೇಡ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ, ಕಲ್ಚರ್ ಬೆಳೆಯುವುದಿಲ್ಲ. ಚೀಟಿಯನ್ನು ಡಬ್ಬಿಗೆ ಸುತ್ತಬೇಡಿ, ಹೊರ ಚೀಲದಲ್ಲಿ ಬೇರೆ ಇಡಿ.